ಪ್ಲಗ್ ವೈರಿನ ಸೀಮೆಸುಣ್ಣ

ದರ್ಜಿಯ ಕಾರು ಒಮ್ಮೆ ಗುಡುಗಿದರೆ ಎದುರಿನ ಗುಡ್ಡ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಇದನ್ನು ಯಾರೂ ನೋಡಿರಲಿಲ್ಲ, ನಿಜ. ಗುಡ್ಡವೂ ಈಗ ಅಲ್ಲಿಲ್ಲ. ಸರಿದುಹೋಯಿತಲ್ಲ, ಇನ್ನೆಲ್ಲಿರುತ್ತದೆ! ಅಳತೆ ತೆಗೆಯುವಾಗ ದರ್ಜಿ ಇದನ್ನೇ ಹೇಳುತ್ತಿದ್ದ. ಗಿರಾಕಿಗಳು ಹೊಟ್ಟೆ ಕುಣಿಸಿ ನಗುತ್ತಿದ್ದರು, ಆಮೇಲೆ ಅಂಗಿ ದೊಗಳೆಯಾಯಿತೆಂದು ಜಗಳಕ್ಕೆ ಬರುತ್ತಿದ್ದರು.

ಅಕ್ಕನಿಗೂ ಇದೇ ಧಾಟಿಯಲ್ಲಿ ಮಾತು ಕೊಟ್ಟಿದ್ದ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಮೆಟ್ಟಿಲಿಂದ ಜಾರಿ, ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿದ್ದಳು. ಈ ಮಧ್ಯಾಹ್ನ ಮನೆಗೆ ಕಳಿಸುವವರಿದ್ದರು. ದೂರದೂರಿನಲ್ಲಿದ್ದ ಇನ್ನೊಬ್ಬ ತಮ್ಮ ತನ್ನಲ್ಲಿಗೇ ಕರೆದೊಯ್ಯುತ್ತೇನೆಂದು ವ್ಯಾನು ತಂದಿದ್ದ.

"ಅಷ್ಟು ದೂರ ಯಾಕಕ್ಕಾ? ನನ್ ಕಾರಿನ ಮುಂದಿನ ಸೀಟು ಹಾಸಿಗೆ ಥರ ಮಲಗುತ್ತೆ. ದಿನಾ ಬೇಕಾದ್ರೂ ಆಸ್ಪತ್ರೆಗೆ ಕರ್ಕೊಂಡು ಬರ್ತೀನಿ. ಮುಂದಿನ ಕೋಣೇಲಿ ಮಂಚ ಹಾಕಿಡ್ತೀನಿ, ರಾಣಿ ಥರ ಇರ್ತೀಯ!" ಎಂದಿದ್ದ ದರ್ಜಿ.

"ಗಾಡಿ ಬಂದ್ರೆ ನಿನ್ನ ಮನೆ. ಬರ್ಲಿಲ್ಲ ಅಂದ್ರೆ ಅವನ ಮನೆ," ಎಂದಿದ್ದಳು ಅಕ್ಕ.

ಬೆಳಿಗ್ಗೆ ನೋಡಿದರೆ ಕಾರು ಎಳೆದೆಳೆದು ಉಸಿರಾಡುತ್ತಿತ್ತು. ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿಗೆ ಕರಿ ಹಿಡಿದಿರಬೇಕು, ಬಿಚ್ಚಿ ಉಜ್ಜಿದರಾಯಿತು ಎಂದು ಹಳೆಯ ಗೆಳೆಯ ಬೇಕರಿಯವನನ್ನು ಅಂಗಳಕ್ಕೆ ಎಳೆತಂದ. ನಾಲ್ಕು ಪ್ಲಗ್ಗು, ನಾಲ್ಕು ವೈರು. ಯಾವುದು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು, ಇಲ್ಲದಿದ್ದರೆ ಇಂಜಿನ್ನು ಹೊರಡುವುದಿಲ್ಲ. ದರ್ಜಿಗೆ ಅಷ್ಟು ಗೊತ್ತಿತ್ತು. ಬಟ್ಟೆ ಕತ್ತರಿಸುವ ಮುನ್ನ ಗುರುತು ಹಾಕುವವನಂತೆ ವೈರುಗಳ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಅಂಕಿ ಬರೆದ, ಬಿಚ್ಚಿ ಹಲಗೆಯ ಮೇಲೆ ಮಲಗಿಸಿದ, ಪ್ಲಗ್ಗು ಉಜ್ಜಲು ಸ್ಯಾಂಡ್ ಪೇಪರ್ ಹುಡುಕಿಕೊಂಡು ಒಳಗೆ ಹೋದ.

ಬಂದು ನೋಡಿದರೆ ವೈರುಗಳು ಮದುಮಗನ ಬೂಟಿನಂತೆ ಹೊಳೆಯುತ್ತಿದ್ದವು.

"ಗುರುತೆಲ್ಲೋ?"

"ಯಾವ ಗುರುತು?"

"ಬೆಳ್ಳಗಿತ್ತಲ್ಲೋ ಮೇಲೆ!"

"ಅದಾ? ಹಿಟ್ಟು ಅಂದ್ಕೊಂಡೆ ಕಣೋ. ನನ್ ಕೈಯಿಂದ್ಲೇ ಉದುರಿರ್ಬೇಕು ಅಂತ ಎಲ್ಲಾ ಒರೆಸಿ, ಒಪ್ಪವಾಗಿ ಸುತ್ತಿಟ್ಟೆ."

ಅವನನ್ನು ಬೈದು ಏನು ಫಲ? ಬಿಳಿ ಕಂಡಲ್ಲೆಲ್ಲ ಬಟ್ಟೆ ಆಡಿಸಿಯೇ ಬದುಕಿದ ಕೈ ಅದು. ದರ್ಜಿ ಅಂದಾಜಿನ ಮೇಲೆ ವೈರು ಸಿಕ್ಕಿಸಿ ಕೀಲಿ ತಿರುಗಿಸಿದ. ಢಮ್! ಬೀದಿಯ ಕಾಗೆಗಳೆಲ್ಲ ಗಡಿ ದಾಟಿ ಬೇರೆ ದೇಶ ಸೇರಿದವು. ವೈರು ಬದಲಾಯಿಸಿದ. ಕಾರು ಮುದುಕನಂತೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಬದಲಾಯಿಸಿದ, ಮತ್ತೆ. ಯಾವುದನ್ನು ಆಗಲೇ ನೋಡಿಯಾಯಿತು, ಯಾವುದು ಬಾಕಿ ಎಂಬುದೂ ಮರೆತುಹೋಯಿತು.

"ಮೆಕ್ಯಾನಿಕ್‌ಗೆ ಫೋನ್ ಮಾಡೋ," ಎಂದ ಬೇಕರಿಯವನು.

ಅಲ್ಲೂ ಒಂದು ತೊಡಕಿತ್ತು. ಆ ಮೆಕ್ಯಾನಿಕ್‌ಗೆ ಇಂಜಿನ್ನು ಬಿಚ್ಚಲು ಕಲಿಸಿದವನು ತಾನೇ ಎಂದು ದರ್ಜಿ ಅವನ ಗಿರಾಕಿಗಳೆದುರೇ ಸಾರಿ ಬಂದಿದ್ದ. ಆದರೂ ಮಾನ ಬಿಟ್ಟು ಫೋನ್ ಮಾಡಿದ.

"ಗುರುಗಳೇ," ಎಂದ ಮೆಕ್ಯಾನಿಕ್, "ನಿಮಗೇ ಗೊತ್ತಿಲ್ಲದ್ದು ಈ ಶಿಷ್ಯನಿಗೇನು ಗೊತ್ತು?" ಫೋನ್ ಕಟ್ಟಾಯಿತು.

ದರ್ಜಿ ಕೊನೆಯದಾಗಿ ಕೀಲಿ ತಿರುಗಿಸಿದ. ಟಿಕ್ ಎಂದಿತು. ಬ್ಯಾಟರಿಯೂ ಕೈಚೆಲ್ಲಿತ್ತು. ಇಬ್ಬರೂ ಬಾನೆಟ್ಟಿನೊಳಗೆ ಇಣುಕುತ್ತ ನಿಂತರು, ನೋಡುತ್ತಿದ್ದರೆ ಅದಕ್ಕೇ ನಾಚಿಕೆಯಾಗಿ ಹೊರಟೀತು ಎಂಬಂತೆ.

ಅಷ್ಟರಲ್ಲಿ ಅಕ್ಕನ ಫೋನ್ ಬಂತು.

"ಎಲ್ಲಿದ್ದೀಯೋ? ನನ್ನ ಗಾಲಿ ಕುರ್ಚಿಲಿ ತಂದು ಗೇಟಿನ ಹತ್ರ ಕೂರಿಸಿದಾರೆ."

"ಬಂದೇಬಿಟ್ಟೆ ಅಕ್ಕಾ! ಗಾಳಿ ನನ್ ಹಿಂದೆ ಓಡಿ ಬರ್ತಿದೆ. ಇಲ್ಲೇ ತಿರುವಿನಲ್ಲಿದ್ದೀನಿ."

"ಹಾಗಾದ್ರೆ ಒಂದ್ಸಲ ಹಾರ್ನ್ ಹೊಡಿ."

ದರ್ಜಿ ಹಾರ್ನ್ ಒತ್ತಿದ. ಅದೂ ಸತ್ತಿತ್ತು. ಕಣ್ಣಲ್ಲೇ ಗೆಳೆಯನನ್ನು ಬೇಡಿಕೊಂಡ. ಬೇಕರಿಯವನು ಅಂಗೈಗಳನ್ನು ಬಾಯಿಗೆ ಹಿಡಿದು, ಕತ್ತಿನ ನರ ಉಬ್ಬುವಂತೆ, "ಪೋಂ... ಪೋಂ..." ಎಂದ.



"ಬೇಕರಿಯವನಿಗೆ ನೆಗಡಿ ಏನೋ?" ಎಂದಳು ಅಕ್ಕ.

ಅವಳ ಹಿಂದೆ ವ್ಯಾನಿನ ಬಾಗಿಲು ಎಳೆದ ಸದ್ದಾಯಿತು. ದರ್ಜಿಯ ನಾಲಿಗೆಯ ತುದಿಗೆ ಇನ್ನೊಂದು ಸುಳ್ಳು ಬಂದಿತ್ತು, ಒಳ್ಳೆಯ ಸುಳ್ಳೇ. ಅದು ಅಲ್ಲೇ ನಿಂತುಬಿಟ್ಟಿತು.

"ಕಾರು ಅಂಗಳದಲ್ಲೇ ಇದೆ ಅಕ್ಕಾ. ಬಿಚ್ಚಿಟ್ಟಿದ್ದೀವಿ, ಜೋಡಿಸಕ್ಕೆ ಬರ್ತಿಲ್ಲ. ಇವತ್ತೊಂದೇ ದಿನ ಅಲ್ಲ, ಅದು ಸರಿಯಾಗಿ ಓಡಿ ಎಷ್ಟೋ ಕಾಲ ಆಯ್ತು. ನೀನು ನನ್ ಮನೆಗೆ ಬರ್ಲಿ ಅಂತ ಹಾಗೆ ಹೇಳ್ದೆ. ಹೋಗು, ಅವನ ಜೊತೆ ಹೋಗು." ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. "ಮುಂದಿನ ಕೋಣೇಲಿ, ಕಿಟಕಿ ಹತ್ರ, ನಿನಗೆ ಅಂತ ಮಂಚ ಹಾಕಿದ್ದೆ. ನಾನು ಹೇಳಿದ್ರಲ್ಲಿ ಅದೊಂದು ಮಾತ್ರ ನಿಜ ಅಕ್ಕಾ."