ಮುಂದೆ ಜಿಪ್ಪಿದ್ದ ಸೂಟು

ಸೂಟಿನ ಕೊರಳ ರಬ್ಬರು ಮಾಳಸಿದ್ದನ ಹಣೆ ದಾಟಿತು, ಮೂಗು ದಾಟಿತು, ಗದ್ದದ ಹತ್ತಿರ ಬಂದು ನಿಂತುಬಿಟ್ಟಿತು.

"ಇನ್ನೊಂದೀಟ ಜಗ್ಗ" ಎಂದು ಅವನು ಒಳಗಿನಿಂದಲೇ ಹೇಳಿದ. ಹೆಂಡತಿ ಉಜ್ವಲಾ ಎರಡೂ ಕೈಯ ಬೆರಳು ತೂರಿಸಿ, ರಬ್ಬರನ್ನು ಅಗಲಿಸಿ ಕೆಳಗೆಳೆದಳು. ಅದು ಪಟ್ಟೆಂದು ಕತ್ತಿಗೆ ಕೂತಿತು. ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ ತಾಯಿ ಸತ್ತೆವ್ವ, "ಯವ್ವಾ, ಕುರಿ ಮರಿ ಹಾಕಿಧಂಗ ಆತ ನೋಡ" ಎಂದು ನಕ್ಕಳು.

ಅಣೆಕಟ್ಟಿನ ತಳಕ್ಕಿಳಿದು, ನೀರು ಬಿಡುವ ಬಾಗಿಲ ಮುಂದಿನ ಕಬ್ಬಿಣದ ಜಾಳಿಗೆಗೆ ಸಿಕ್ಕಿಕೊಂಡ ಬೊಡ್ಡೆ, ಬಲೆ, ಸತ್ತ ದನ ಎಲ್ಲವನ್ನೂ ಬಿಡಿಸುವುದು ಮಾಳಸಿದ್ದನ ಕೆಲಸ. ಹಾರೂಗೇರಿಯ ಕುರುಬರ ಹುಡುಗ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುತ್ತಾನೆ ಅಂದರೆ ಊರಿಗೆಲ್ಲ ಹೆಮ್ಮೆ. ಹನ್ನೊಂದು ವರ್ಷ ಅವನು ಮುಳುಗಿದ್ದೆಲ್ಲ ನಮ್ಮ ಕಡೆಯ ಬೆಚ್ಚಗಿನ ನೀರಿನಲ್ಲಿ. ತೊಯ್ದರೂ ನಡೆಯುವ ಸಾದಾ ಸೂಟು ಸಾಕಾಗಿತ್ತು. ಈ ಸಲದ ಕೆಲಸ ಹಿಮಾಚಲದ್ದು. ಅಲ್ಲಿನ ನೀರಿಗೆ ಐದು ನಿಮಿಷದಲ್ಲಿ ಬೆರಳು ಮರಗಟ್ಟುತ್ತವಂತೆ. ಅದಕ್ಕೇ ಡ್ರೈಸೂಟು. ಕೊರಳಿಗೂ ಮುಂಗೈಗೂ ಬಿಗಿಯಾದ ರಬ್ಬರು, ಒಳಗೆ ಉಣ್ಣೆ, ಒಂದು ಹನಿ ನೀರೂ ಒಳಗೆ ಬರಬಾರದು. ಉಣ್ಣೆ ಬೇಕು ಅಂದದ್ದೇ ತಡ, ಸತ್ತೆವ್ವ ಒಂದು ಹಳೆಯ ಕಂಬಳಿಯನ್ನು ಕತ್ತರಿಸಿ ಮಗನಿಗೆ ಒಳಂಗಿ ಹೊಲಿದುಬಿಟ್ಟಿದ್ದಳು. ಅದು ಮೈಯೆಲ್ಲ ಚುಚ್ಚುತ್ತಿತ್ತು, ಆದರೆ ತಾಯಿಗೆ ಹಾಗೆಂದು ಹೇಳುವುದು ಹೇಗೆ.

ಕಂಪನಿಯವರು ನಿಪ್ಪಾಣಿಯ ತನಕ ಬಸ್ಸಿನಲ್ಲಿ ಎರಡು ಸೂಟು ಕಳಿಸಿದ್ದರು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕೊಡಬೇಕು. ಕರಿಯದು ಗಟ್ಟಿ, ಆದರೆ ಜಿಪ್ಪು ಬೆನ್ನ ಮೇಲೆ, ಭುಜದಿಂದ ಭುಜಕ್ಕೆ. ಅದನ್ನು ಇನ್ನೊಬ್ಬರು ಹಾಕಬೇಕು, ಇನ್ನೊಬ್ಬರೇ ತೆಗೆಯಬೇಕು. ಕೆಂಪಿನದಕ್ಕೆ ಮೊಣಕಾಲಲ್ಲಿ ತೇಪೆ, ಆದರೆ ಜಿಪ್ಪು ಎದೆಯ ಮೇಲೆ ಓರೆಯಾಗಿತ್ತು. ಜೊತೆಗಾರ ವೃಷಭ ಫೋನಿನಲ್ಲಿ "ಕರೀದ ತಗೋಳೊ, ಬಾಳಿಕಿ ಬರತೈತಿ" ಎಂದು ಹತ್ತು ಸಲ ಹೇಳಿದ್ದ. ಮಾಳಸಿದ್ದ ಮಾತ್ರ ಗಂಟು ಬಿಚ್ಚಿದ ಗಳಿಗೆಯಲ್ಲೇ ಕೆಂಪಿನದನ್ನು ಎತ್ತಿಕೊಂಡಿದ್ದ. ತನ್ನ ಕೈಯಿಂದ ತಾನೇ ತೆಗೆಯಬಹುದು ಅನ್ನುವುದೊಂದೇ ಕಾರಣ. ಅದನ್ನು ಯಾರಿಗೂ ಹೇಳಿರಲಿಲ್ಲ.

ಹೇಳದೇ ಇದ್ದದ್ದು ಇನ್ನೂ ಇತ್ತು. ಹೋದ ವರ್ಷ ಕೊಂಕಣದ ಕಡೆಯ ಒಂದು ಅಣೆಕಟ್ಟಿನಲ್ಲಿ ಬಾಗಿಲ ಸಂದಿಯ ನೀರು ಅವನ ಕಾಲನ್ನು ತೊಡೆಯ ತನಕ ಎಳೆದುಕೊಂಡಿತ್ತು. ಕತ್ತಲ ನೀರಿನಲ್ಲಿ ಇಪ್ಪತ್ತೆರಡು ನಿಮಿಷ. ಮೇಲೆ ಅವನ ಸೊಂಟದ ಹಗ್ಗ ಹಿಡಿದು ನಿಂತಿದ್ದವನು ಕಾಗವಾಡದ ಈ ವೃಷಭನೇ. ಹಿಂದಿನ ಇನ್ನೊಂದು ಬಾಗಿಲು ಇಳಿಸಿ ನೀರಿನ ಸೆಳೆತ ನಿಲ್ಲಿಸುವ ತನಕ ಅವನು ಹಗ್ಗವನ್ನು ಬಿಡಲಿಲ್ಲ, ಅಂಗೈ ಸುಲಿದುಹೋಗಿತ್ತು. "ಮನ್ಯಾಗ ಹೇಳಬ್ಯಾಡೋ" ಎಂದು ಆಣೆ ಹಾಕಿಸಿಕೊಂಡಿದ್ದ ಮಾಳಸಿದ್ದ. ಅಂದಿನಿಂದ ಅಂಗಿಯ ಮೇಲಿನ ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆ. ಬಾಗಿಲು ತೆರೆದೇ ಮಲಗುತ್ತಾನೆ. ಸೆಕೆಗೆ ಇರಬೇಕು ಅಂದುಕೊಂಡಿದ್ದಳು ಉಜ್ವಲಾ. ಕೆಲಸ ಒಲ್ಲೆ ಅನ್ನಬಹುದಿತ್ತು. ಆದರೆ ವೃಷಭ, "ನೀ ಬಂದ್ರ ಅಷ್ಟ ನಾ. ಬ್ಯಾರೇದವರ ಹಗ್ಗ ನಾ ಹಿಡಿಯಾಂವ ಅಲ್ಲ" ಅಂದುಬಿಟ್ಟಿದ್ದ. ಸುಲಿದ ಅಂಗೈಯವನಿಗೆ ಒಲ್ಲೆ ಅನ್ನಲು ಬಾಯಿ ಹೇಗೆ ಬರಬೇಕು?

ಮಾಳಸಿದ್ದ ಮೈಮೇಲಿದ್ದ ಕೆಂಪು ಸೂಟಿನ ಜಿಪ್ಪು ಹಿಡಿದು ಎಡ ಭುಜದಿಂದ ಬಲ ಸೊಂಟಕ್ಕೆ ತಾನೇ ಎಳೆದುಕೊಂಡ. ಸ್ವಲ್ಪ ತೊಡರಿತು, ಮತ್ತೆ ಜಗ್ಗಿದ, ಕೂತಿತು. ಮನಸ್ಸಿನಲ್ಲೇ ಹತ್ತು ಎಣಿಸಿದ. ಹತ್ತರಲ್ಲಿ ತೆಗೆಯಬೇಕು ಎಂದು ಲೆಕ್ಕ ಹಾಕಿಕೊಂಡಿದ್ದ.

"ಚಂದ ಕಾಣತೈತ್ರಿ" ಎಂದಳು ಉಜ್ವಲಾ.

ಹತ್ತಾಯಿತು. ಜಿಪ್ಪನ್ನು ಹಿಂದಕ್ಕೆ ಎಳೆದ. ಬರಲಿಲ್ಲ. ಎರಡು ಕೈ ಹಚ್ಚಿದ. ಅದು ಒಂದು ಹಲ್ಲೂ ಸರಿಯಲಿಲ್ಲ.

"ಉಜ್ವಲಾ, ತೆಗಿ ಇದನ್ನ."

ಅವಳು ಬಗ್ಗಿ ನೋಡಿದಳು. ಜಿಪ್ಪಿನ ಹಿತ್ತಾಳೆಯ ಹಲ್ಲುಗಳ ನಡುವೆ ಹಳದಿ ರಾಡಿ ಮೆತ್ತಿತ್ತು. ಬೆರಳಿಗೆ ಹತ್ತಿದ್ದನ್ನು ಮೂಸಿದಳು. ಅರಿಸಿನ, ಶೇಂಗಾ ಎಣ್ಣೆ.

"ಅತ್ತಿ, ಇದಕ್ಕೇನ ಹಚ್ಚೀರಿ?"

"ಏನಿಲ್ಲವಾ" ಎಂದಳು ಸತ್ತೆವ್ವ. "ನಿನ್ನೆ ನೋಡಿದ್ನಿ, ರಬ್ಬರ ಭಾಳ ಬಿರಸ ಇತ್ತ. ಡೊಳ್ಳಿನ ತೊಗಲಿಗೆ ಹಚ್ಚೂಹಂಗ ಒಂದೀಟ ಎಣ್ಣಿ ಹಚ್ಚಿದ್ನಿ. ಆಮ್ಯಾಲ ಬೀರದೇವರ ಭಂಡಾರ ಹಾಕಿದ್ನಿ. ಹೊಸಾದು ಮೈಮ್ಯಾಗ ಏರೂದಕ್ಕ ಮುಂಚೆ ದೇವರ ಭಂಡಾರ ಬೀಳಬೇಕಲ್ಲ?"

ಕುರಿಗೆ ಕತ್ತರಿ ಹಾಕುವ ಮುಂಚೆ, ಹೊಸ ಕಂಬಳಿ ಹೊದೆಯುವ ಮುಂಚೆ, ಕೂಸಿಗೆ ಅಂಗಿ ತೊಡಿಸುವ ಮುಂಚೆ ಆ ಮನೆಯಲ್ಲಿ ಭಂಡಾರದ ಅರಿಸಿನ ಬಿದ್ದೇ ಬೀಳುತ್ತಿತ್ತು. ಸತ್ತೆವ್ವ ಒಂದು ಚಿಟಿಕೆ ಹಾಕುವವಳಲ್ಲ, ಹಿಡಿ ತುಂಬ ಹಾಕುವವಳು. ಮಗ ಹೋಗುವುದು ಅಷ್ಟು ದೂರ ಅಂತ ಈ ಸಲ ಎರಡು ಹಿಡಿ ಹಾಕಿದ್ದಳು.

ಉಜ್ವಲಾ ಚಿಮಟಿಗೆ ತಂದಳು, ಸೂಜಿ ತಂದಳು, ಬಿಸಿನೀರು ಸುರಿದಳು. ನೀರಿಗೆ ಅರಿಸಿನ ಇನ್ನಷ್ಟು ಕಚ್ಚಿಕೊಂಡಿತು. ಮಾಳಸಿದ್ದನ ತುಟಿ ಬಿಳಿಚಿದ್ದನ್ನು ಅವಳು ಆಗ ನೋಡಿದಳು. ಅವನು ಗೋಡೆಗೆ ಬೆನ್ನು ಹಚ್ಚಿ ಕುಸಿದು ಕೂತ. ಕೊರಳ ರಬ್ಬರಿನೊಳಗೆ ಬೆರಳು ತೂರಿಸಲು ಹೋದರೆ ಎಣ್ಣೆಗೆ ಜಾರುತ್ತಿತ್ತು.

"ಆಗವಲ್ದು. ಉಸಿರ ಬರವಲ್ದು. ತೆಗೀರಿ... ಕೊಯ್ಯಿರಿ ಇದನ್ನ!"

"ಉಸಿರ ಆಡಾಕತ್ತೈತ್ರಿ, ನಾ ನೋಡಾಕತ್ತೀನಿ. ಗಡಬಡ ಮಾಡಬ್ಯಾಡ್ರಿ."

"ನಿನಗ ಗೊತ್ತಿಲ್ಲ! ಕಾಲ ಒಳಗ ಹೋಗೇತಿ, ಯಾರೂ ಇಲ್ಲ ಅಲ್ಲೆ..." ಎಂದುಬಿಟ್ಟ ಅವನು.

ಯಾವ ಕಾಲು, ಎಲ್ಲಿ ಹೋಗಿದೆ, ಅತ್ತೆ ಸೊಸೆ ಇಬ್ಬರಿಗೂ ತಿಳಿಯಲಿಲ್ಲ. ಆದರೆ ಸತ್ತೆವ್ವ ಎದ್ದಳು. ಗೋಡೆಯ ಮಾಡದಲ್ಲಿದ್ದ ಕುರಿ ಕತ್ತರಿ ತೆಗೆದುಕೊಂಡಳು. ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೊಣಕಾಲಿನಿಂದ ಅವನ ಭುಜ ಅದುಮಿದಳು. "ಅಳ್ಳಾಡಬ್ಯಾಡ ಮಗಾ. ಅಳ್ಳಾಡಿದ್ರ ಕೊಯ್ತೇತಿ" ಎಂದಳು. ಸಾವಿರ ಕುರಿಗೆ ಹೇಳಿದ ಮಾತು ಅದು, ಅದೇ ದನಿ. ಕತ್ತರಿ ಗಂಟಲ ಪಕ್ಕದಲ್ಲಿ ತಣ್ಣಗೆ ಸರಿಯಿತು. ರಬ್ಬರು ಬಾಯಿ ತೆರೆಯಿತು. ಅಲ್ಲಿಂದ ಎದೆಯ ತನಕ ಕೆಂಪು ಸೂಟು ಸೀಳಿಹೋಯಿತು.

ಮಾಳಸಿದ್ದ ತಾಯಿಯ ಸೀರೆಯಲ್ಲಿ ಮುಖ ಇಟ್ಟು ಅತ್ತ. ನಲವತ್ತರ ಹತ್ತಿರದ ಗಂಡಸು, ನಾಚಿಕೆ ಬಿಟ್ಟು ಅತ್ತ. ಆಮೇಲೆ ಇಪ್ಪತ್ತೆರಡು ನಿಮಿಷದ ಕಥೆಯನ್ನು ಒಂದೊಂದೇ ಮಾತಾಗಿ ಹೇಳಿದ.

"ನನ್ನ ಮುಂದ ಯಾಕ ಹೇಳ್ಲಿಲ್ಲ?" ಎಂದಳು ಉಜ್ವಲಾ. ಅವಳಿಗೆ ಸಿಟ್ಟೇ ಬಂದಿತ್ತು. "ಒಂದ ವರ್ಷ ಸೆಕಿ ಸೆಕಿ ಅಂತ ಸುಳ್ಳ ಹೇಳಿದ್ರಿ."

"ಹೇಳಿದ್ರ ಹೋಗೂದ ಬ್ಯಾಡ ಅಂತಿದ್ದಿ."

"ಹೌದ್ರಿ, ಅಂತಿದ್ನಿ. ಈಗೂ ಅಂತೀನಿ. ವೃಷಭಣ್ಣಾಗ ಒಲ್ಲೆ ಅಂತ ಹೇಳ್ರಿ."

"ಹೇಳ್ತೀನಿ" ಎಂದ ಮಾಳಸಿದ್ದ. ಹಾಗಂದಾಗ ಎದೆ ಎಷ್ಟು ಹಗುರಾಯಿತೆಂದರೆ, ಕಂಬಳಿಯ ಒಳಂಗಿ ಚುಚ್ಚುತ್ತಿದ್ದದ್ದೂ ಮರೆತುಹೋಯಿತು.

ನಾಲ್ಕಕ್ಕೆ ವೃಷಭನ ಮೋಟಾರ್‌ಸೈಕಲ್ ಬಂತು. ಬೇಡವಾದ ಸೂಟನ್ನು ಒಯ್ಯಲು ಬಂದಿದ್ದ ಅವನು ಹೊಸ್ತಿಲಲ್ಲೇ ನಿಂತ. ಸೀಳಿದ ಕೆಂಪು ರಬ್ಬರು ನೋಡಿದ, ಗೆಳೆಯನ ಕತ್ತಿನ ಸುತ್ತ ಕೆಂಪು ಗೆರೆ ನೋಡಿದ. ಒಳಗೆ ಬಂದು ಕೂತ. ಸತ್ತೆವ್ವ ಕೊಟ್ಟ ಚಹಾ ಕುಡಿದು ಬಟ್ಟಲು ಕೆಳಗಿಟ್ಟ.

"ದೋಸ್ತ, ನನ್ನ ಕೈಲೆ ಆಗಂಗಿಲ್ಲೋ" ಎಂದ ಮಾಳಸಿದ್ದ. "ನಾ ಇಳಿಯಾಂವ ಅಲ್ಲ."

"ಗೊತ್ತಿತ್ತಪಾ. ಸೂಟ ತರಾಕ ಇಬ್ಬರೂ ನಿಪ್ಪಾಣಿಗೆ ಹೋಗೂವಾಗ ಎಲ್ಲಾ ಖಿಡಕಿ ತಗಸಿದ್ದೀ ಅಲ್ಲ ಬಸ್ಸಿನ್ಯಾಗ, ಅವತ್ತ ಗೊತ್ತಾತ. ಕರೀದ ತಗೋ ಅಂದ್ನಿ, ನೋಡೂಣು ಅಂತ. ನೀ ಮುಂದ ಜಿಪ್ಪಿದ್ದ ಕೆಂಪದ ಅಂದಿ."

ಅಷ್ಟು ಹೇಳಿ ವೃಷಭ ಎದ್ದ. ಕಟ್ಟೆಯ ಮೇಲಿದ್ದ ಕರಿ ಸೂಟು ಬಿಡಿಸಿ ಕಾಲು ತೂರಿಸಿದ. ಕೈ ತೂರಿಸಿದ. ಹೊಟ್ಟೆಯ ಹತ್ತಿರ ಒಂದಿಷ್ಟು ಬಿಗಿಯಾಯಿತು, ಉಸಿರು ಎಳೆದುಕೊಂಡ. ಕೊರಳ ರಬ್ಬರಿನಿಂದ ತಲೆ ಹೊರಹಾಕಿ, ಕೆದರಿದ ಕೂದಲಲ್ಲೇ ನಕ್ಕ.

"ಕಂಪನಿಗೆ ಮಾತ ಕೊಟ್ಟೇವಿ. ಟ್ರೇನಿಂಗ ನಾನೂ ಮಾಡೇನಿ, ನೀರಿಗೆ ಇಳೀಲಾರದ ಆರ ವರ್ಷ ಆತ ಅಷ್ಟ. ಹಗ್ಗ ಹಿಡಿಯಾಕ ನೀ ಬಂದ್ರ ಅಷ್ಟ ನಾ ಹೋಗಾಂವ. ಮ್ಯಾಲ ನಿಲ್ಲಾಕ ಬಯಲೈತಿ, ಗಾಳಿ ಐತಿ. ಆಗತೈತಿ ಹೌದಲ್ಲ?"

ಮಾಳಸಿದ್ದ ಉಜ್ವಲಾಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಸತ್ತೆವ್ವನ ಕೈ ಭಂಡಾರದ ಚೀಲಕ್ಕೆ ಹೋಗಿತ್ತು, ಅಲ್ಲೇ ನಿಂತಿತು.

"ಎಳಿ" ಎಂದು ವೃಷಭ ಬೆನ್ನು ತಿರುಗಿಸಿದ.

ತೆರೆದ ಬೆನ್ನಿನಲ್ಲಿ ಅವನ ಬಿಳಿ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಮಾಳಸಿದ್ದ ಮುಂದೆ ಬಂದು ಜಿಪ್ಪಿನ ತುದಿ ಹಿಡಿದ. ಎಳೆಯಲಿಲ್ಲ. ಬಿಡಲೂ ಇಲ್ಲ.

"ಎಳಿಯೋ ಮಾರಾಯಾ" ಎಂದ ವೃಷಭ, ಗೋಡೆಯ ಕಡೆ ಮುಖ ಮಾಡಿ, ತೋಳು ಎರಡೂ ಅಗಲ ಚಾಚಿ ನಿಂತುಕೊಂಡು.