ಸೆಪ್ಟೆಂಬರಿನ ಅಳತೆ

ಛಾವಣಿಯ ಹಿಮ ಮತ್ತೆ ಜಾರಿತು, ಧಪ್ಪೆಂದು, ಸೈಕಲ್ ನಿಲ್ಲಿಸುವ ಕಡೆಗೇ ಬಿದ್ದಿರಬೇಕು, ಉತ್ತರದ ಈ ಔಲು ಊರಿಗೆ ಮಾರ್ಚ್ ಬಂತೆಂದರೆ ಹೀಗೆಯೇ, ಹಗಲು ಕರಗುತ್ತದೆ, ಇರುಳು ಮತ್ತೆ ಕಲ್ಲಾಗುತ್ತದೆ, ಮೆರ್ಯಾ ಕಿಟಕಿಯತ್ತ ತಿರುಗಲಿಲ್ಲ, ತಿರುಗಲು ಕತ್ತು ಬರಬೇಕಲ್ಲ, ಬೆಳಗಿನಿಂದ ಹಿಡಿದುಕೊಂಡಿದೆ, ಪರದೆಯ ಮೇಲೆ ಸೆಕೆಂಡಿಗೊಂದು ಸಾಲು ಬೀಳುತ್ತಿದೆ, ನಲವತ್ತೊಂದು ಗಿಗಾಬಿಟ್, ನಲವತ್ತೊಂದು, ನಲವತ್ತೂ ಮುಕ್ಕಾಲು, ಮತ್ತೆ ನಲವತ್ತೊಂದು – ಎರಡು ಗಂಟೆಗೆ ಕಾಫಿ, ಇಲ್ಪೊನನ್ನು ಬೀಳ್ಕೊಡುವ ಕಾಫಿ, ಎಲ್ಲರೂ ಸಹಿ ಹಾಕಿದ ಕಾರ್ಡು ಕೀಲಿಮಣೆಯ ಪಕ್ಕದಲ್ಲೇ ಬಿದ್ದಿದೆ, ಅವಳದೊಂದು ಸಹಿ ಬಾಕಿ, ಏನು ಬರೆಯುವುದು, ಒಂದೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತವನಿಗೆ ಶುಭವಾಗಲಿ ಎಂದು ಬರೆಯಬೇಕೇ, ಅದೂ ಇವತ್ತು. ಏನ್ ಮೆರ್ಯಾ, ಇನ್ನೂ ಗಾಳೀನ ತೂಗ್ತಾ ಇದೀಯಾ, ಅದೂ ಇಲ್ಲದಿರೋ ಗಾಳೀನ – ಬೆಳಗ್ಗೆ ಕೋಟು ತೂಗುಹಾಕುತ್ತ ಇಲ್ಪೊ ಕೇಳುವ ಮಾತು, ವರ್ಷಗಳಿಂದ ಅದೇ ಮಾತು, ಅವಳ ಉತ್ತರವೂ ಅದೇ, ಇಲ್ಲದಿರೋ ಗಾಳಿಗೆ ನೀನು ರಸ್ತೆ ಹಾಕ್ತೀಯಲ್ಲ, ಅದಕ್ಕಿಂತ ವಾಸಿ. ನಿಜವೇ, ಗಾಳಿ ಇಲ್ಲ, ಒಂದು ಲಿನಕ್ಸ್ ಯಂತ್ರ, ಅದರೊಳಗೆ ಬರೀ ಲೆಕ್ಕದಿಂದ ಹುಟ್ಟಿಸಿದ ಎರಡು ಹುಸಿ ವೈಫೈ ಕಾರ್ಡು, ಆಂಟೆನಾ ಇಲ್ಲ, ಗೋಡೆ ಇಲ್ಲ, ಪಕ್ಕದ ಮನೆಯ ಮೈಕ್ರೋವೇವ್ ಇಲ್ಲ, ಯಂತ್ರದೊಳಗೇ ಬೇರೆ ಮಾಡಿದ ಎರಡು ಕೋಣೆ, ಒಂದರಲ್ಲಿರುವ ಕಾರ್ಡು ಕಳಿಸುತ್ತದೆ, ಇನ್ನೊಂದರದು ಪಡೆಯುತ್ತದೆ, ನಡುವಿನ ಹಾದಿ ಸೆಕೆಂಡಿಗೆ ಎಷ್ಟು ಹೊರುತ್ತದೆಂದು ಅಳೆದು ಬರೆಯುವುದು ಅವಳ ಕೆಲಸ, ಆ ಹಾದಿಯ ಕೋಡಿನ ಸಾಲುಗಳನ್ನು ತಿದ್ದಿ ವೇಗ ಹೆಚ್ಚಿಸುವುದು ಇಲ್ಪೊನದು, ಎರಡು ವರ್ಷ ಕೂತು ತಿದ್ದಿದ, ವಾರದ ಕೊನೆಗೂ ಬಂದು ಕೂತ, ಸೆಪ್ಟೆಂಬರಿನಲ್ಲಿ ಅವಳು ಅಳೆದಳು, ಹಳೆಯದಕ್ಕೆ ನಲವತ್ತೊಂದು, ಇಲ್ಪೊನ ಹೊಸದಕ್ಕೂ ನಲವತ್ತೊಂದು, ವರದಿಯಲ್ಲಿ ಒಂದೇ ವಾಕ್ಯ, ವ್ಯತ್ಯಾಸ ಕಂಡುಬಂದಿಲ್ಲ, ಕೆಳಗೆ ಅವಳ ಹೆಸರು.

ಇಲ್ಪೊ ಅವತ್ತೇ ಹೇಳಿದ್ದ, ಕುರ್ಚಿ ಎಳೆದುಕೊಂಡು ಬಂದು, ಕನ್ನಡಕ ಹಣೆಗೇರಿಸಿ, ಗಾಳಿ ಇಷ್ಟೊಂದು ಕೊಡಲ್ಲ ಮೆರ್ಯಾ, ಹುಸಿ ಗಾಳೀನೂ ಕೊಡಲ್ಲ, ಇನ್ನೊಂದ್ಸಲ ನೋಡು – ಅವಳು ನೋಡಲಿಲ್ಲ, ಯಂತ್ರ ಹೊಸದಲ್ವಾ, ಆಗಸ್ಟಲ್ಲಿ ತಾನೇ ಬಂದಿದ್ದು, ಜೋರಾಗೇ ಓಡುತ್ತೆ, ಮೈ ಭಾರ ಆದವರೆಲ್ಲ ತಕ್ಕಡೀನೇ ಬೈಯೋದು ಅಂದಳು, ಅವನು ನಕ್ಕ, ಲೋಟ ತೆಗೆದುಕೊಂಡು ಹೋದ, ಅವನು ಒಂದು ಮಾತು ಜಗಳವಾಡಬೇಕಿತ್ತು, ಜಗಳವಾಡುವ ಮನುಷ್ಯನಲ್ಲ. ಅಕ್ಟೋಬರಿನಲ್ಲಿ ಉದ್ಯೋಗ ಕಡಿತದ ಮಾತುಕತೆ, ಆರು ವಾರ, ಯಾರೂ ಲಿಫ್ಟಿನಲ್ಲಿ ಮಾತಾಡದ ಆರು ವಾರ, ಮೇಲಧಿಕಾರಿ ಯಾರ್ಕ್ಕೊ ಕಾಗದದ ಮೇಲಿಂದ ಕಣ್ಣೆತ್ತದೆ, ಈ ಕೋಣೆಯಿಂದ ಒಬ್ರು ಉಳೀತೀರಿ, ನನ್ನನ್ನ ಹಾಗೆ ನೋಡ್ಬೇಡಿ, ಎರಡು ವರ್ಷದ ಕೆಲ್ಸದಿಂದ ವೇಗ ಏನೂ ಹೆಚ್ಚಿಲ್ಲ ಅಂತ ನಿಮ್ಮದೇ ವರದಿ ಹೇಳ್ತಿದೆ, ನಾನೇನು ಮಾಡ್ಲಿ. ಉಳಿದವಳು ಅವಳು. ನೋಟಿಸಿನ ಅವಧಿ ಈ ಶುಕ್ರವಾರಕ್ಕೆ ಮುಗಿಯುತ್ತದೆ, ಐವತ್ತೆಂಟು ಆದವನಿಗೆ ಇನ್ಯಾರು ಕೆಲಸ ಕೊಡುತ್ತಾರೆ, ಮೀನು ಹಿಡೀತೀನಿ ಬಿಡು, ಮೀನು ಸಂದರ್ಶನ ಮಾಡಲ್ಲ ಅಂದಿದ್ದ, ಎಲ್ಲರೂ ನಕ್ಕಿದ್ದರು, ಅವಳೂ.

ಬೆಳಗ್ಗೆ ಅವಳು ಹುಡುಕಲು ಹೊರಟದ್ದು ಇದನ್ನಲ್ಲ, ಅವನು ಬಿಟ್ಟುಹೋಗುವ ಕಡತಗಳನ್ನು ಒಪ್ಪವಾಗಿಡೋಣ ಎಂದಷ್ಟೇ, ಅಳತೆ ಓಡಿಸುವ ತನ್ನ ಹಳೆಯ ಸ್ಕ್ರಿಪ್ಟಿನ ಒಂದು ಸಾಲಿನ ತುದಿ ಕಣ್ಣಿಗೆ ಬಿತ್ತು, ದೋಷದ ಸಂದೇಶ ಬಂದರೆ ತೋರಿಸಬೇಡ, ಎಸೆದುಬಿಡು ಎನ್ನುವ ತುದಿ, ಅವಳೇ ಸೇರಿಸಿದ್ದು, ಬೇಡದ ಕೆಂಪು ಸಾಲುಗಳನ್ನು ಓದಿ ಓದಿ ಕಣ್ಣು ದಣಿದಿದ್ದವು, ಎಲ್ಲರೂ ಹಾಗೆಯೇ ಮಾಡುತ್ತಾರೆ, ಆ ತುದಿ ಅಳಿಸಿ ಓಡಿಸಿದಳು, ಕೆಂಪು ಸಾಲು ಬಂತು, ಎರಡನೆಯ ಕಾರ್ಡನ್ನು ಬೇರೆ ಕೋಣೆಗೆ ಸಾಗಿಸಲಾಗಲಿಲ್ಲ. ಹೊಸ ಯಂತ್ರ ಬಂದ ದಿನದಿಂದ ಸ್ಕ್ರಿಪ್ಟಿನ ಆ ಸಾಗಿಸುವ ಸಾಲು ಕೆಲಸ ಮಾಡಿಯೇ ಇಲ್ಲ. ಎರಡು ಕಾರ್ಡೂ ಒಂದೇ ಕೋಣೆಯಲ್ಲಿ, ಎರಡು ವಿಳಾಸವೂ ತನ್ನದೇ ಎಂದು ಯಂತ್ರಕ್ಕೆ ಗೊತ್ತು, ಅಡುಗೆಮನೆಯಿಂದ ಹಜಾರಕ್ಕೆ ಹೋಗುವ ಕಾಗದಕ್ಕೆ ಅಂಚೆಯವನೇಕೆ, ಕೈಯಿಂದ ಕೈಗೆ ದಾಟಿಸಿತು, ಇಲ್ಪೊ ಹಾಕಿದ ರಸ್ತೆಯ ಮೇಲೆ ಒಂದು ಗಾಡಿಯೂ ಹೋಗಲಿಲ್ಲ, ಹೋಗದ ರಸ್ತೆ ಚೆನ್ನಾಗಿಲ್ಲವೆಂದು ಅವಳು ಸಹಿ ಹಾಕಿದಳು. ಸರಿಪಡಿಸಿ ಅಳೆದಳು, ಮೂರು ಸಲ, ಒಂದು ಗಿಗಾಬಿಟ್ಟೂ ತುಂಬಲಿಲ್ಲ, ಹಳೆಯದಕ್ಕೆ ಆರುನೂರ ಹತ್ತು ಮೆಗಾಬಿಟ್, ಅವನದಕ್ಕೆ ಎಂಟುನೂರ ನಲವತ್ತು. ನಂಬಿಕೆ ಬರದೆ ಮತ್ತೆ ಸೆಪ್ಟೆಂಬರಿನಂತೆಯೇ ಓಡಿಸಿ, ಈ ಸಲ ಪಕ್ಕದಲ್ಲಿ ಕಾರ್ಡಿನ ಎಣಿಕೆಯನ್ನೂ ತೆರೆದಿಟ್ಟಳು, ಎಡಗಡೆ ನಲವತ್ತೊಂದು ಗಿಗಾಬಿಟ್ ಸುರಿಯುತ್ತಿದೆ, ಬಲಗಡೆ, ಕಾರ್ಡಿನಿಂದ ಹೊರಟ ದತ್ತಾಂಶ, 0.

ಸುಮ್ಮನಿರಬಹುದು, ಯಾರೂ ಕೇಳುವುದಿಲ್ಲ, ಶುಕ್ರವಾರ ಕಳೆದರೆ ಕೇಳುವವನೂ ಇರುವುದಿಲ್ಲ, ಹೇಳಿದರೆ ಯಾರ್ಕ್ಕೊ ಕಡಿತದ ಪಟ್ಟಿಯನ್ನು ಮತ್ತೆ ಬಿಚ್ಚಬೇಕು, ಬಿಚ್ಚಿದರೆ ಈ ಕೋಣೆಯಿಂದ ಉಳಿಯುವವರು ಆಗಲೂ ಒಬ್ಬರೇ, ಅವಳಿಗೆ ಐವತ್ತಾರು, ಅವಳಿಗೆ ಮೀನು ಹಿಡಿಯಲೂ ಬಾರದು, ಒಂದು ಗುಂಡಿ ಒತ್ತಿದರೆ ಪರದೆಯ ಎರಡು ಕಿಟಕಿಯೂ ಮುಚ್ಚುತ್ತವೆ, ಬೆರಳು ಅದರ ಮೇಲೆಯೇ ಇದೆ, ಎಷ್ಟು ಹೊತ್ತಿನಿಂದ ಇದೆಯೋ, ಬಲಗಡೆ 0, ಅಲುಗುವುದಿಲ್ಲ, ಆರು ತಿಂಗಳಿಂದ ಅಲುಗಿಲ್ಲ – ಮೆರ್ಯಾ, ಬರ್ತೀಯೋ ಇಲ್ವೋ, ಬಾಗಿಲಲ್ಲಿ ಇಲ್ಪೊ, ಗಡ್ಡಕ್ಕೆ ಕೆನೆ ಮೆತ್ತಿದೆ, ಕೇಕ್ ಮೇಲಿನ ನನ್ ಹೆಸರು ಅರ್ಧ ತಿಂದಾಯ್ತು, ಯಾರ್ಕ್ಕೊ ಬೇರೆ ಭಾಷಣ ಶುರುಮಾಡೋ ಹಾಗಿದಾನೆ, ನನ್ನೊಬ್ಬನ್ನೇ ಅವನ ಬಾಯಿಗೆ ಬಿಡ್ಬೇಡ ಮಾರಾಯ್ತಿ – ಬಂದೆ ಎನ್ನಬೇಕು, ನಾಲಿಗೆ ಬಂದೆ ಎನ್ನಲು ಹೊರಟಿತ್ತು, ಇಲ್ಪೊ, ಸ್ವಲ್ಪ ಬಾ ಇಲ್ಲಿ ಅಂದಿತು, ಬೆರಳು ಗುಂಡಿಯಿಂದ ಎದ್ದಿತು, ಕೈ ಪರದೆಯನ್ನು ಅವನತ್ತ ತಿರುಗಿಸಿತು, ಅವನು ಬಾಗಿ ನೋಡುತ್ತಾನೆ, ಕನ್ನಡಕ ಇಳಿಸುತ್ತಾನೆ, ಇನ್ನೂ ಅದೇ ನಲವತ್ತೊಂದಾ ಎಂದು ನಗುತ್ತಾನೆ, ಕಣ್ಣು ಬಲಕ್ಕೆ ಸರಿಯುತ್ತದೆ, ನಗು ಅರ್ಧಕ್ಕೆ ನಿಲ್ಲುತ್ತದೆ, ಯಾವಾಗಿಂದ. ಸೆಪ್ಟೆಂಬರಿಂದ. ಉಳಿದದ್ದನ್ನೂ ಹೇಳಬೇಕು, ಎಂಟುನೂರ ನಲವತ್ತು ಎಂದು, ಯಾರ್ಕ್ಕೊನ ಹತ್ತಿರ ಈಗಲೇ ಹೋಗೋಣ ಎಂದು, ಶುಕ್ರವಾರಕ್ಕೆ ಇನ್ನೂ ಮೂರು ದಿನ ಇದೆ ಎಂದು, ಅವನು ಉಸಿರಾಡುವುದು ಕಿವಿಯ ಪಕ್ಕದಲ್ಲೇ ಕೇಳುತ್ತಿದೆ, ಅವನು ಅವಳನ್ನು ನೋಡುತ್ತಿಲ್ಲ, ಇಬ್ಬರೂ ನೋಡುತ್ತಿರುವುದು ಅದನ್ನೇ, ಒಂದು ಸೆಕೆಂಡು, 0, ಇನ್ನೊಂದು ಸೆಕೆಂಡು, 0