ದೇವಕಿಯ ಗ್ವಾಟೆಮಾಲಾ

"ಅಮ್ಮಾ, ದೇವಕಿ ಆಂಟಿ ಊರು ಗ್ವಾಟೆಮಾಲಾನಾ?"

ದೇವಕಿಯ ಪಕ್ಕ ಕೂತು ಐದು ವರ್ಷದ ಗಾನವಿ ಕೇಳಿದ ಈ ಪ್ರಶ್ನೆಗಿಂತ ಅದರ ಭಾಷೆ ನನ್ನನ್ನು ಚುಚ್ಚಿತು. ನಾನು ಕನ್ನಡದಲ್ಲಿ ಎಷ್ಟು ಕರೆದರೂ "ಕಮಿಂಗ್ ಲಾ" ಎಂದೇ ಓಗೊಡುವ ಮಗು, ಈ ಪರದೇಶದ ಬಯಾನ್ ಲೆಪಾಸಿನ ನಮ್ಮ ಕಾಂಡೋದ ಒಂಬತ್ತನೆಯ ಮಹಡಿಯಲ್ಲಿರುವ, ಉಡುಪಿ ಮೂಲದ ವೈದ್ಯಕೀಯ ಅಧ್ಯಾಪಕಿ ದೇವಕಿಯ ಸಹವಾಸದಲ್ಲಿ ಮಾತ್ರ ಕನ್ನಡವಾಡುತ್ತಿತ್ತು.

ದೇವಕಿ ನಡೆಯುವುದೇ ವಾರ್ಡಿನ ರೌಂಡ್ಸಿನಂತೆ: ನಾಲ್ಕು ಹೆಜ್ಜೆ, ಒಂದು ನಿಲುಗಡೆ, ಯಾರದೋ ಕ್ಷೇಮಸಮಾಚಾರ, ಮತ್ತೆ ನಾಲ್ಕು ಹೆಜ್ಜೆ. ಮನೆಗೆ ಬಂದರೂ ಬಿಳಿಯ ಕೋಟು ಕಳಚಳು. ಅದರ ಜೇಬಿನಲ್ಲಿ ಮಡಚಿ ಮಡಚಿ ಬಟ್ಟೆಯಂತೆ ಮೆತ್ತಗಾದ ಗ್ವಾಟೆಮಾಲಾದ ನಕ್ಷೆ. ಹಿಂದೆ ಎರಡು ವರ್ಷ ಅಲ್ಲಿಯ ಬೆಟ್ಟದೂರೊಂದರ ಆಸ್ಪತ್ರೆಯಲ್ಲಿ ದುಡಿದವಳು, ರೊಸಾರಿಯೋ ಎಂಬ ಸೂಲಗಿತ್ತಿಯ ಸ್ನೇಹವನ್ನು ಇಂದಿಗೂ ಬಿಡದವಳು. ಆ ದೇಶದಲ್ಲಿ ಅಧ್ಯಕ್ಷರ ಚುನಾವಣೆ ನಡೆದ 2023ರಲ್ಲಿ ಸಂಜೆಸಂಜೆಯೂ ಈಜುಕೊಳದ ಕಟ್ಟೆಯ ಮೇಲೆ ನಕ್ಷೆ ಹರಡಿ ಗಾನವಿಗೆ ಸುದ್ದಿ ಹೇಳುತ್ತಿದ್ದಳು: ಜೂನಿನಲ್ಲಿ ಯಾರೂ ಎಣಿಸದವನೊಬ್ಬ ಎರಡನೆಯ ಸುತ್ತಿಗೆ ಬಂದದ್ದು, ಆಗಸ್ಟಿನಲ್ಲಿ ಗೆದ್ದದ್ದು, ಗೆದ್ದವನ ಪಕ್ಷವನ್ನೇ ಅಮಾನತಿನಲ್ಲಿಡಲು ಸರಕಾರಿ ವಕೀಲರು ಹೊರಟದ್ದು, ಅದನ್ನು ವಿರೋಧಿಸಿ ಅಕ್ಟೋಬರಿನಲ್ಲಿ ಬೆಟ್ಟದ ಜನ ಇಳಿದು ಬಂದು ಹೆದ್ದಾರಿಗಳಲ್ಲೇ ಕುಳಿತುಬಿಟ್ಟದ್ದು.

"ರೊಸಾರಿಯೋ ಎಂತ ಮಾಡಿದ್ಳು ಗೊತ್ತುಂಟಾ ಮಾರಾಯ್ತಿ? ಒಲೆಯನ್ನೇ ಹೊತ್ಕೊಂಡು ಹೋಗಿ ರೋಡಿನ ಮಧ್ಯ ಇಟ್ಳು!"

"ಪೊಲೀಸ್ ಬೈಲಿಲ್ವಾ?"

ಬೈಲಿಲ್ವಾ! ಆ ಪದ ನನ್ನ ಮಗಳಿಗೆ ಬರುತ್ತದೆಂದೇ ನನಗೆ ತಿಳಿದಿರಲಿಲ್ಲ. ಮೈಸೂರಿನಿಂದ ಕನ್ನಡದ ಚಿತ್ರಪುಸ್ತಕ ತರಿಸಿದೆ, ದೇವಕಿಯಂತೆಯೇ ಕಣ್ಣರಳಿಸಿ ಕತೆ ಹೇಳಿ ನೋಡಿದೆ. "ಅಮ್ಮಾ, ಸೋ ಬೋರಿಂಗ್" ಎಂಬ ತೀರ್ಪು ಬಂತು. ಆ ದಿನದ ಡೈರಿಯಲ್ಲಿ ಬರೆದೆ: ಇಂದು ಗಾನವಿ ಹನ್ನೊಂದು ಕನ್ನಡ ವಾಕ್ಯ ಆಡಿದಳು, ನನ್ನ ಪಾಲಿಗೆ ಒಂದೂ ಇಲ್ಲ.

ಮರುವರ್ಷದ ಜನವರಿ ಹದಿನೈದರ ಬೆಳಿಗ್ಗೆ ನಾನೊಂದು ಸಣ್ಣತನ ಮಾಡಿದೆ. ಗ್ವಾಟೆಮಾಲಾ ನಮಗಿಂತ ಹದಿನಾಲ್ಕು ಗಂಟೆ ಹಿಂದೆ, ಗೆದ್ದವನ ಪ್ರಮಾಣವಚನದ ನಿಗದಿತ ಹೊತ್ತು ಕಳೆದಿದೆಯೆಂದು ಲೆಕ್ಕಹಾಕಿ, ಸುದ್ದಿಯನ್ನು ನೋಡದೆಯೇ, ದೇವಕಿಗಿಂತ ಮೊದಲು ಹೇಳಿಬಿಡಬೇಕೆಂಬ ಆತುರಕ್ಕೆ ದೋಸೆ ಮಗುಚುತ್ತ ಹೇಳಿದೆ: "ಆಯ್ತು ಪುಟ್ಟಾ, ಗೆದ್ದವರು ಕುರ್ಚಿ ಹತ್ತಿದ್ರು. ಕತೆ ಮುಗೀತು."

ಮಧ್ಯಾಹ್ನ ಶಾಲೆಯಿಂದ ಬಂದವಳು ನೇರ ಒಂಬತ್ತನೆಯ ಮಹಡಿಗೆ ಓಡಿದಳು, ಹಿಂದೆಯೇ ನಾನು. ದೇವಕಿ ರಜೆ ಹಾಕಿ ಫೋನಿನ ಮುಂದೆ ಕೂತಿದ್ದಳು. ಪ್ರಮಾಣವಚನ ಆಗಿರಲೇ ಇಲ್ಲ! ಅಲ್ಲಿಯ ಸಂಸತ್ತಿನಲ್ಲಿ ಗಂಟೆಗಟ್ಟಲೆ ಜಗಳ. ಹೊರಗೆ ಕಾದ ಜನಸಾಗರದಲ್ಲಿ ಎಲ್ಲೋ ರೊಸಾರಿಯೋ.

"ಅಮ್ಮ ಮುಗೀತು ಅಂದ್ರು. ಮುಗೀತಾ ಆಂಟಿ?"

ದೇವಕಿ ನನ್ನ ಮುಖ ನೋಡಿದಳು.

"ಅಮ್ಮ ಹೇಳಿದ್ದು ಸರಿಯೇ ಮಗಾ. ಸ್ವಲ್ಪ ಬೇಗ ಹೇಳಿದ್ಳು, ಅಷ್ಟೆ."

ಆ ಔದಾರ್ಯಕ್ಕೂ ಹೊಟ್ಟೆ ಉರಿಯಿತು. ದೂರದ ನೆಲವೊಂದರ ಸುಖದುಃಖವನ್ನು ಇಷ್ಟು ತೀವ್ರವಾಗಿ ಹಚ್ಚಿಕೊಂಡವರು ಯಾರಿಗೂ ಭಾಷೆ ಕಲಿಸಲು ಹೊರಟಿರುವುದಿಲ್ಲ. ಹೇಳದೆ ಇರಲಾರರು, ಅಷ್ಟೆ. ಮಕ್ಕಳು ಆ ಬಿಸಿಗೆ ಬಂದು ಕೂರುತ್ತಾರೆ. ಕಲಿಸಲೆಂದೇ ಬಾಯಿ ತೆರೆಯುವ ನಮ್ಮಂಥವರು ಬಾಗಿಲಲ್ಲಿ ನಿಂತು ಕರುಬುತ್ತೇವೆ.

ಆಗಷ್ಟೇ ಕಂಡೆ, ಅವಳು ಪರದೆಯತ್ತ ನೋಡುತ್ತಲೇ ಇರಲಿಲ್ಲ. ಇಂಗ್ಲಿಷ್ ಅಡಿಬರಹ ಓಡುತ್ತಿದ್ದ ಫೋನನ್ನು ನನ್ನ ಕೈಗೆ ತುರುಕಿ, ಗಾನವಿಯ ಪಕ್ಕ ನೆಲದ ಮೇಲೆ ಕೂತಳು.

"ನನ್ನ ಕೈಲಿ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ನೀನು ನೋಡಿ, ಅಲ್ಲಿ ಎಂತ ಆಗ್ತಾ ಉಂಟು ಅಂತ ನಮ್ಮಿಬ್ಬರಿಗೂ ಹೇಳ್ತೀಯಾ?"